ಸುಣ್ಣದ ಗೆರೆಯ ಮನೆಗಳು

ಆ ಓಣಿಯಲ್ಲಿ ಇಪ್ಪತ್ತನಾಲ್ಕು ಮನೆ. ಈ ಸಾಲಿಗೆ ಹನ್ನೆರಡು, ಎದುರು ಸಾಲಿಗೆ ಹನ್ನೆರಡು, ನಡುವೆ ಎಂಟು ಅಡಿ ಜಾಗ. ಎಂಟು ಅಡಿ ಅಂದರೆ ಎಷ್ಟು ಎಂದು ಕೇಳಿದರೆ ಕಾಜಾ ಅಕ್ಕನ ಹತ್ತಿರ ಬೇರೆಯದೇ ಅಳತೆ ಇತ್ತು. ಅವಳು ತನ್ನ ಹೊಸಿಲ ಮೇಲೆ ಕೂತು ಕಾಲು ಚಾಚಿದರೆ ಓಣಿ ಅರ್ಧ ಮುಗಿಯಿತು. ಎದುರು ಮನೆಯವಳೂ ಹಾಗೇ ಚಾಚಿದರೆ ಅಂಗಾಲಿಗೆ ಅಂಗಾಲು ತಾಗುತ್ತದೆ. ಒಂದು ಕಾಲದಲ್ಲಿ ಹಾಗೆ ತಾಗಿಸಿಕೊಂಡು ಕೂತು ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೂ ಉಂಟು. ಈಗ ಏಳು ವರ್ಷದಿಂದ ಇಬ್ಬರೂ ಕಾಲು ಮಡಚಿಕೊಂಡೇ ಕೂರುತ್ತಾರೆ.

ಕಾಜಾ ಅಕ್ಕನಿಗೆ ಆ ಹೆಸರು ಬಂದದ್ದು ಕೆಲಸದಿಂದ. ಪೇಟೆಯ ನಾಲ್ಕು ದರ್ಜಿ ಅಂಗಡಿಯವರು ಶರ್ಟೆಲ್ಲ ತಾವೇ ಹೊಲಿದು, ಗುಂಡಿ ತೂರಿಸುವ ಕಾಜಾಗಳನ್ನು ಮಾತ್ರ ಅವಳ ಕೈಗೆ ಕಳಿಸುತ್ತಿದ್ದರು. ಯಂತ್ರದಲ್ಲಿ ಹಾಕಿದ ಕಾಜಾ ಆರು ತಿಂಗಳಿಗೆ ಬಾಯಿ ಬಿಡುತ್ತದೆ, ಅವಳು ಹಾಕಿದ್ದು ಶರ್ಟು ಹರಿದು ಚಿಂದಿಯಾದರೂ ಹಾಗೇ ಇರುತ್ತದೆ. ಒಂದು ಶರ್ಟಿಗೆ ಏಳು ಕಾಜಾ. ಮನೆಯೊಳಗೆ ಬೆಳಕಿಲ್ಲದ್ದರಿಂದ ಬೆಳಗಿನಿಂದ ಸಂಜೆವರೆಗೆ ಅವಳ ಕೆಲಸವೆಲ್ಲ ಹೊಸಿಲ ಮೇಲೆ. ಮದುವೆಯ ಗೊಡವೆಗೆ ಹೋಗದೆ ಐವತ್ತೆರಡು ದಾಟಿದ್ದಳು. ಯಾಕೆ ಎಂದು ಯಾರಾದರೂ ಕೇಳಿದರೆ, "ಸೂಜಿ ಹಿಡಿದವಳಿಗೆ ಎರಡೂ ಕೈ ಬೇಕು ಕಣ್ರೀ, ಒಂದು ಕೈ ಯಾರಿಗೆ ಕೊಡಲಿ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಎದುರು ಮನೆಯಲ್ಲಿರುವವಳು ಅವಳ ಅತ್ತಿಗೆ, ತೀರಿಹೋದ ಅಣ್ಣನ ಹೆಂಡತಿ. ಇದ್ದಿಲು ತುಂಬಿದ ಇಸ್ತ್ರಿ ಪೆಟ್ಟಿಗೆ ಹಿಡಿದು ಸುತ್ತಲಿನ ನಾಲ್ಕು ಬೀದಿಯ ಬಟ್ಟೆಯ ಸುಕ್ಕು ಬಿಡಿಸುವವಳು. ಮದುವೆಯಾಗಿ ಬಂದ ಹೊಸತರಲ್ಲಿ ಕಾಜಾ ಅಕ್ಕ ದಿನಕ್ಕೆ ನೂರು ಸಲ "ಅತ್ತಿಗೆ, ಅತ್ತಿಗೆ" ಎನ್ನುತ್ತ ಓಣಿ ದಾಟುತ್ತಿದ್ದಳು. ಕೇಳಿ ಕೇಳಿ ಓಣಿಗೆಲ್ಲ ಅದೇ ಹೆಸರಾಯಿತು. ಹಾಲಿನವನಿಗೂ ಅವಳು ಅತ್ತಿಗೆ, ಅಂಚೆಯವನಿಗೂ ಅತ್ತಿಗೆ, ನಿನ್ನೆ ಮೊನ್ನೆ ಮಾತು ಕಲಿತ ಮಕ್ಕಳಿಗೂ ಅತ್ತಿಗೆ. ಯಾರಿಗೆ ನಿಜವಾಗಿ ಅತ್ತಿಗೆಯೋ ಅವಳೊಬ್ಬಳ ಬಾಯಿಂದ ಮಾತ್ರ ಆ ಮಾತು ಏಳು ವರ್ಷದಿಂದ ಹೊರಬಂದಿರಲಿಲ್ಲ.

ಜಗಳ ದೊಡ್ಡದೇನಲ್ಲ. ದೊಡ್ಡದಾಗಿದ್ದರೆ ಯಾರಾದರೂ ಹಿರಿಯರು ನಡುವೆ ಬಂದು ಬಗೆಹರಿಸುತ್ತಿದ್ದರು. ಅಣ್ಣನಿಗೆ ಹದಿನಾಲ್ಕು ಬಿಳಿ ಶರ್ಟುಗಳಿದ್ದವು, ಒಂದೊಂದರ ಕಾಜಾವನ್ನೂ ತಂಗಿಯೇ ಹಾಕಿದ್ದು. ಅವನು ಹೋಗಿ ತಿಂಗಳೊಳಗೆ ಅತ್ತಿಗೆ ಹದಿನಾಲ್ಕನ್ನೂ ಗಂಟು ಕಟ್ಟಿ ಯಾವುದೋ ಆಸ್ಪತ್ರೆಯ ಕೆಲಸದವರಿಗೆ ಕೊಟ್ಟುಬಿಟ್ಟಳು. ಒಂದಾದರೂ ತನಗಿರಲಿ ಎಂದು ಕೇಳಲು ಬಂದ ಕಾಜಾ ಅಕ್ಕನಿಗೆ ಸಿಕ್ಕಿದ್ದು ಶರ್ಟು ಒಣಹಾಕುತ್ತಿದ್ದ ಖಾಲಿ ಹಗ್ಗ. ಹುಟ್ಟಿದಂದಿನಿಂದ ಯಾರಿಗೂ ಎದುರಾಡದವಳು, ಅತ್ತಿಗೆಯನ್ನು "ನೀವು" ಬಿಟ್ಟು ಬೇರೆ ಮಾತಲ್ಲಿ ಕರೆಯದವಳು, ಅವತ್ತು ಓಣಿಯ ನಡುವೆ ನಿಂತು, ಎಲ್ಲರ ಕಿವಿಗೂ ಬೀಳುವ ಹಾಗೆ, "ಬಟ್ಟೆ ಮಡಚಿಡೋದು ಗೊತ್ತು ನಿನಗೆ, ಮನುಷ್ಯರನ್ನ ಇಟ್ಕೊಳ್ಳೋದು ಗೊತ್ತಿಲ್ಲ" ಎಂದುಬಿಟ್ಟಳು. ಅತ್ತಿಗೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಎರಡು ವರ್ಷ ಕಳೆದ ಮೇಲೆ, ಒಂದು ಮಧ್ಯಾಹ್ನ ಸುಮ್ಮನೆ ದಾರ ಪೋಣಿಸುತ್ತಿರುವಾಗ, ಕಾಜಾ ಅಕ್ಕನಿಗೆ ಥಟ್ಟನೆ ಹೊಳೆಯಿತು. ದಿನಬೆಳಗಾದರೆ ಊರವರ ಗಂಡಂದಿರ ಬಿಳಿ ಶರ್ಟುಗಳನ್ನು ಮುಂದೆ ಹಾಸಿಕೊಂಡು ನಿಲ್ಲುವವಳು ಮನೆಯೊಳಗೆ ಇನ್ನೂ ಹದಿನಾಲ್ಕನ್ನು ಹೇಗೆ ಇಟ್ಟುಕೊಂಡಾಳು? ಅಷ್ಟು ಸಣ್ಣ ವಿಷಯ ತಿಳಿಯಲು ಎರಡು ವರ್ಷ ಬೇಕಾಯಿತಲ್ಲ ಎಂದು ಅವಳು ತನಗೆ ತಾನೇ ಛೀಮಾರಿ ಹಾಕಿಕೊಂಡಳು. ಆದರೆ ಅಷ್ಟರಲ್ಲಿ ಮೌನ ಇಬ್ಬರ ನಡುವೆ ಬೇರು ಬಿಟ್ಟಿತ್ತು. ನಾಳೆ ಮಾತಾಡಿಸೋಣ ಎಂದುಕೊಂಡರೆ ನಾಳೆಗೆ ಏನಾದರೊಂದು ನೆಪ. ಹಾಗೆ ಐದು ವರ್ಷ ನಾಳೆಗಳೇ ಆದವು.

ಮಾತಿಲ್ಲದಿದ್ದರೇನು, ಎದುರು ಮನೆಯ ಒಂದೊಂದು ಸದ್ದೂ ಅವಳಿಗೆ ಗೊತ್ತು. ಇಸ್ತ್ರಿ ಪೆಟ್ಟಿಗೆ ಎಂಟು ಸಲ ಧಪ್ ಎಂದರೆ ಒಂದು ಶರ್ಟು ಮುಗಿಯಿತು. ಆರಕ್ಕೇ ನಿಂತರೆ ಅತ್ತಿಗೆಗೆ ಸೊಂಟ ನೋವು. ಕೆಮ್ಮಿದರೆ ಇದ್ದಿಲು ಹಸಿ. ಸಂಜೆ ಕತ್ತಲಾದರೆ ಅತ್ತಿಗೆ ಬಾಗಿಲ ಹೊರಗೆ ತಂತಿಗೆ ನೇತುಹಾಕಿದ ಬಲ್ಬು ಹೊತ್ತಿಸುತ್ತಾಳೆ. ಅದೊಂದು ಶುದ್ಧ ಪೆದ್ದುತನವೆಂದು ಕಾಜಾ ಅಕ್ಕನಿಗೆ ಅನಿಸುತ್ತಿತ್ತು. ಇಸ್ತ್ರಿ ಮೇಜು ಬಾಗಿಲ ಒಳಗೆ, ಬಲ್ಬು ಬಾಗಿಲ ಹೊರಗೆ. ಬೆನ್ನ ಮೇಲೆ ಬೆಳಕು, ಬಟ್ಟೆಯ ಮೇಲೆ ತನ್ನದೇ ನೆರಳು. ಎರಡು ಸಲ ಕೈ ಸುಟ್ಟುಕೊಂಡದ್ದನ್ನು ಅವಳೇ ನೋಡಿದ್ದಳು. ಒಮ್ಮೆ ವಿದ್ಯುತ್ ಕೆಲಸದವನು ಬಂದು ಒಳಗೆ ಹಾಕಿಕೊಡುತ್ತೇನೆಂದರೂ ಅತ್ತಿಗೆ ಅವನನ್ನು ಓಡಿಸಿದ್ದಳು. ಹಟಮಾರಿ ಎಂದುಕೊಂಡು ಕಾಜಾ ಅಕ್ಕ ಆ ಬೆಳಕಿನಲ್ಲೇ ಸೂಜಿಗೆ ದಾರ ಪೋಣಿಸಿದ್ದಳು.

ಹೀಗಿರುವಾಗ ಓಣಿಯನ್ನು ಕೆಡವಿ ಕಟ್ಟುವ ಸುದ್ದಿ ಬಂತು. ತಗಡಿನ ಮಾಡು ಸೋರುತ್ತಿತ್ತು, ಗೋಡೆಗಳು ಬೆವರುತ್ತಿದ್ದವು, ಬೆಂಕಿ ಬಿದ್ದರೆ ಆರಿಸುವ ಬಂಡಿ ಒಳಗೆ ಬರುವ ಹಾಗಿರಲಿಲ್ಲ. ಹಾಗಾಗಿ ನಗರದ ವಸತಿ ಕಚೇರಿಯವರು ಅದೇ ಜಾಗದಲ್ಲಿ ಮೂರು ಅಂತಸ್ತಿನ ಕಟ್ಟಡ ಕಟ್ಟಿ ಅದೇ ಇಪ್ಪತ್ತನಾಲ್ಕು ಮನೆಯವರಿಗೆ ಕೊಡುವುದೆಂದು ಆಯಿತು. ನಕ್ಷೆ ಬರೆಯಲು ಒಬ್ಬಳನ್ನು ಕಳಿಸಿದರು. ಮೂವತ್ತು ದಾಟಿರಬಹುದು, ಹೆಗಲಿಗೆ ದೊಡ್ಡ ಚೀಲ, ಕಂಕುಳಲ್ಲಿ ಸುರುಳಿ ಸುತ್ತಿದ ಕಾಗದ, ಬೂಟು ತುಂಬ ಧೂಳು. ಎರಡೇ ದಿನದಲ್ಲಿ ಓಣಿ ಅವಳಿಗೆ "ನಕ್ಷೆ ಮೇಡಂ" ಎಂದು ಹೆಸರಿಟ್ಟಿತು.

ಮೊದಲ ಸಭೆ ಶಾಲೆಯ ಕೋಣೆಯಲ್ಲಿ. ಸಭೆ ನಡೆಸುವ ಯಜಮಾನಿಕೆ ತಾನಾಗಿಯೇ ಓಣಿಯ ಕಂಡಕ್ಟರಿಗೆ ಹೋಯಿತು. ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತನಾದ ಅವನಿಗೆ ನಾಲ್ಕು ಜನ ಒಟ್ಟಿಗೆ ನಿಂತದ್ದು ಕಂಡರೆ ಸುಮ್ಮನಿರಲು ಆಗುತ್ತಿರಲಿಲ್ಲ.

"ಹಿಂದೆ ಜಾಗ ಇದೆ, ಒಳಗೆ ಬನ್ನಿ, ಬಾಗಿಲಲ್ಲಿ ನೇತಾಡಬೇಡಿ" ಎಂದು ಎಲ್ಲರನ್ನೂ ಒಳಗೆ ದಬ್ಬಿ, "ರೈಟ್, ಮೇಡಂ, ಹೊರಡಲಿ" ಎಂದ.

ನಕ್ಷೆ ಮೇಡಂ ತನ್ನ ರೀತಿ ಹೇಳಿದಳು. ಅವಳು ಮನೆಗಳನ್ನು ಮೊದಲು ಕಾಗದದ ಮೇಲೆ ಬರೆಯುವುದಿಲ್ಲ. ಮೊದಲು ಕೇಳುತ್ತಾಳೆ, ಆಮೇಲೆ ರಟ್ಟಿನಲ್ಲಿ ಮಾಡಿ ತೋರಿಸುತ್ತಾಳೆ, ಕೊನೆಗೆ ಬಯಲಲ್ಲಿ ಸುಣ್ಣದ ಪುಡಿಯಿಂದ ನಿಜವಾದ ಅಳತೆಯಲ್ಲಿ ಗೆರೆ ಎಳೆಯುತ್ತಾಳೆ. ಜನ ಆ ಗೆರೆಯೊಳಗೆ ನಡೆದಾಡಿ, ಮಲಗಿ ನೋಡಿ, ಸರಿ ಎಂದ ಮೇಲೆಯೇ ನಕ್ಷೆ ಕಚೇರಿಗೆ ಹೋಗಿ ಮೊಹರು ಬೀಳುವುದು. ಮೊಹರು ಬಿದ್ದ ಮೇಲೆ ಒಂದು ಬಾಗಿಲೂ ಅಲುಗುವುದಿಲ್ಲ.

"ಇವತ್ತು ಎರಡೇ ಪ್ರಶ್ನೆ" ಎಂದು ಅವಳು ಮನೆಗೆರಡರಂತೆ ಚೀಟಿ ಹಂಚಿದಳು. "ಹಸಿರು ಚೀಟೀಲಿ, ಯಾರು ನಿಮ್ಮ ಹತ್ತಿರ ಇರಬೇಕು ಅಂತ ಬರೀರಿ. ಕೆಂಪು ಚೀಟೀಲಿ, ಯಾರನ್ನ ಯಾರ ಹತ್ತಿರ ಇಡಬಾರದು ಅಂತ. ಹೆಸರು ಹಾಕಬೇಡಿ. ಯಾರು ಬರೆದದ್ದು ಅಂತ ನನಗೂ ಗೊತ್ತಾಗಲ್ಲ."

ಕಾಜಾ ಅಕ್ಕ ಬೆಂಚಿನ ತುದಿಯಲ್ಲಿ ಕೂತು ಹಸಿರು ಚೀಟಿಯನ್ನು ಬಹಳ ಹೊತ್ತು ನೋಡಿದಳು. ಬರೆಯಲು ಬಾರದವಳಲ್ಲ, ಏಳನೇ ಕ್ಲಾಸಿನವರೆಗೆ ಓದಿದವಳು. ಬರೆಯಬೇಕಾದದ್ದು ಒಂದೇ ಮಾತು, ಅದೂ ಇಡೀ ಓಣಿ ದಿನಕ್ಕೆ ಹತ್ತು ಸಲ ಹೇಳುವ ಮಾತು. ಪೆನ್ಸಿಲ್ ಕಾಗದಕ್ಕೆ ತಾಗಿಸಿದಳು, ಎತ್ತಿದಳು. ಏಳು ವರ್ಷ ಬಾಯಲ್ಲಿ ಬಾರದ್ದನ್ನು ಯಾರೋ ಅಪರಿಚಿತಳ ಡಬ್ಬಿಗೆ ಬರೆದು ಹಾಕುವುದೇ? ಆ ಕಡೆಯವಳು ಕೆಂಪು ಚೀಟಿಯಲ್ಲಿ ತನ್ನ ಹೆಸರು ಬರೆದಿದ್ದರೆ? ಎರಡೂ ಚೀಟಿಯನ್ನು ಖಾಲಿಯಾಗಿಯೇ ಮಡಚಿ ಡಬ್ಬಿಗೆ ಹಾಕಿ, ತಲೆ ತಗ್ಗಿಸಿಕೊಂಡು ಮನೆಗೆ ಬಂದಳು.

ಮರುವಾರ ಮೇಡಂ ಮನೆಮನೆಗೆ ಬಂದು, ಹೊಸ ಮನೆಯಲ್ಲಿ ಏನು ಬೇಕು ಎಂದು ಕೇಳಿದಳು. "ಬೆಳಕು" ಎಂದಳು ಕಾಜಾ ಅಕ್ಕ. ಅವಳ ಕೆಲಸಕ್ಕೆ ಇನ್ನೇನು ಬೇಕು? ಆಮೇಲೆ ಮೇಡಂ ಎಂಟಡಿ ದಾಟಿ ಎದುರು ಬಾಗಿಲಿಗೆ ಹೋದಳು. ಕಾಜಾ ಅಕ್ಕ ಸೂಜಿ ನಿಲ್ಲಿಸಿ ಕಿವಿಯನ್ನೆಲ್ಲ ಅತ್ತ ಇಟ್ಟಳು, ಆದರೆ ಅತ್ತಿಗೆ ಮಾತಾಡುವಾಗಲೂ ಇಸ್ತ್ರಿ ನಿಲ್ಲಿಸುವವಳಲ್ಲ. ಧಪ್ ಧಪ್ಪಿನಲ್ಲಿ ಒಂದು ಪದವೂ ಈಚೆ ಬರಲಿಲ್ಲ. ಮೇಡಂ ನಗುತ್ತ ಹೊರಗೆ ಬಂದು, "ಅವರದ್ದೂ ಒಂದೇ ಬೇಡಿಕೆ" ಎಂದಷ್ಟೇ ಹೇಳಿ ಮುಂದಿನ ಮನೆಗೆ ಹೋದಳು. ಆ ಒಂದು ಬೇಡಿಕೆ ಏನಿರಬಹುದೆಂದು ಕಾಜಾ ಅಕ್ಕ ಅವತ್ತು ಮೂರು ಶರ್ಟು ಮುಗಿಯುವವರೆಗೂ ತಲೆ ಕೆಡಿಸಿಕೊಂಡಳು.

ರಟ್ಟಿನ ಕಟ್ಟಡ ತಯಾರಾಗಿ ಬಂದ ದಿನ ಶಾಲೆಯ ಕೋಣೆ ಜಾತ್ರೆಯಾಯಿತು. ನಡುವೆ ಒಂದು ಅಂಗಳ, ಸುತ್ತ ಮೂರು ಅಂತಸ್ತು, ಒಂದೊಂದು ಮನೆಗೂ ಒಂದೊಂದು ಬೆಂಕಿಪೊಟ್ಟಣ, ಅದರ ಮೇಲೆ ಆ ಮನೆಯವರ ಅಡ್ಡಹೆಸರು. "ನನ್ನ ಮನೆಗೆ ಕಡ್ಡಿ ಗೀರಿದರೆ ಹೊತ್ತುತ್ತಾ ಮೇಡಂ?" ಎಂದು ಕಂಡಕ್ಟರ್ ಕೇಳಿದ್ದಕ್ಕೆ ಎಲ್ಲರೂ ನಕ್ಕರು. ಅವನ ಪೊಟ್ಟಣ ಕೆಳ ಅಂತಸ್ತಿನಲ್ಲಿ, ಮೆಟ್ಟಿಲ ಪಕ್ಕದ ಕತ್ತಲ ಮೂಲೆಯಲ್ಲಿ ಕೂತಿತ್ತು. ಅದಕ್ಕೆ ಎದುರು ಬಾಗಿಲಾಗಿ, ಇಸ್ತ್ರಿ ಬಟ್ಟೆಯ ಗಾಡಿ ಬಂದು ನಿಲ್ಲಲು ಅನುಕೂಲವಾಗುವಂತೆ ಗೇಟಿನ ಹತ್ತಿರ, ಅತ್ತಿಗೆಯ ಪೊಟ್ಟಣ.

ಕಾಜಾ ಅಕ್ಕ ತನ್ನದನ್ನು ಕೆಳಗೆಲ್ಲ ಹುಡುಕಿದಳು, ಸಿಗಲಿಲ್ಲ. ಮೇಡಂ ಅವಳ ಕೈ ಹಿಡಿದು ಮೇಲೆ ತೋರಿಸಿದಳು. ಮೂರನೇ ಅಂತಸ್ತು, ಹಿಂಬದಿ, ಬೀದಿಯ ಕಡೆ ಮುಖ. ಎರಡು ಕಡೆ ಕಿಟಕಿ.

"ಇಡೀ ಕಟ್ಟಡದಲ್ಲಿ ಇಷ್ಟು ಬೆಳಕು ಬೇರೆ ಯಾರಿಗೂ ಇಲ್ಲ ಅಕ್ಕ. ಬೆಳಿಗ್ಗೆಯಿಂದ ಸಂಜೆವರೆಗೂ ದೀಪ ಬೇಡ."

ಸುತ್ತ ನಿಂತವರ ಮುಖದಲ್ಲಿ ಹೊಟ್ಟೆಕಿಚ್ಚು ಎದ್ದು ಕಾಣುತ್ತಿತ್ತು. "ಲಾಟರಿ ಹೊಡೀತು ಕಾಜಾ ಅಕ್ಕನಿಗೆ" ಎಂದರು ಯಾರೋ. ಅವಳು ಬಗ್ಗಿ, ತನ್ನ ಪೊಟ್ಟಣದ ಎತ್ತರಕ್ಕೆ ಕಣ್ಣು ತಂದು ನೋಡಿದಳು. ಅಲ್ಲಿಂದ ಬೀದಿ ಕಾಣುತ್ತದೆ, ಎದುರು ಬೀದಿಯ ಮಾಳಿಗೆಗಳು ಕಾಣುತ್ತವೆ, ಆಕಾಶ ಬೇಕಾದಷ್ಟು ಕಾಣುತ್ತದೆ. ಅತ್ತಿಗೆಯ ಬಾಗಿಲು ಕಾಣುವುದಿಲ್ಲ. ಇಸ್ತ್ರಿಯ ಸದ್ದೂ ಅಷ್ಟು ಮೇಲೆ ಬರಲಾರದು. ಇಷ್ಟು ದಿನ ಮಾತಿಲ್ಲದೆ ಬದುಕಿದ್ದು ನಿಜ, ಆದರೆ ಅದು ಎಂಟಡಿಯ ಮೌನವಾಗಿತ್ತು. ಎದುರಿಗೇ ಇದ್ದಾಳೆಂಬ ಧೈರ್ಯದ ಮೇಲೆ ಅವಳು ಏಳು ವರ್ಷ ಮಾತು ಬಿಟ್ಟಿದ್ದಳು.

"ಹೇಗಿದೆ ಅಕ್ಕ?" ಎಂದಳು ಮೇಡಂ.

"ಚೆನ್ನಾಗಿದೆ" ಎಂದಳು ಕಾಜಾ ಅಕ್ಕ. ಮುಖ ಮಾತ್ರ ಹರಳೆಣ್ಣೆ ಕುಡಿದ ಹಾಗಿತ್ತು.

ಎರಡು ದಿನ ತಡೆದು, ಮೂರನೆಯ ದಿನ ಅವಳು ಮೇಡಂ ಕೂರುವ ಕಚೇರಿಗೆ ಹೋದಳು. ಉದ್ದ ಮೇಜು, ಅದರ ಮೇಲೆ ಕತ್ತರಿ, ಅಂಟು, ರಟ್ಟಿನ ಚೂರುಗಳು. ತನ್ನದೇ ಮನೆಯ ಹಾಗೆ ನೆಲದ ತುಂಬ ಕತ್ತರಿಸಿ ಬಿಟ್ಟ ಪಟ್ಟಿಗಳನ್ನು ಕಂಡು ಕಾಜಾ ಅಕ್ಕನಿಗೆ ಸ್ವಲ್ಪ ಧೈರ್ಯ ಬಂತು. ಆದರೆ ಕುರ್ಚಿಯಲ್ಲಿ ಕೂತ ಮೇಲೆ ಬಾಯಿಗೆ ಬಂದದ್ದು ಬೇರೆಯೇ.

"ಕಿಟಕಿ ತುಂಬ ದೊಡ್ಡದಾಯ್ತು ಮೇಡಂ."

"ಚಿಕ್ಕದು ಮಾಡೋಣ."

"ಬಿಸಿಲು ಜಾಸ್ತಿ. ದಾರದ ಬಣ್ಣ ಹೋಗುತ್ತೆ."

"ಪರದೆ ಹಾಕ್ಕೊಳ್ಳಬಹುದು ಅಕ್ಕ."

"ಮೆಟ್ಟಿಲು ಹತ್ತೋಕೆ ಆಗಲ್ಲ ನನಗೆ. ಮಂಡಿ ನೋವು."

ಮೇಡಂ ಪೆನ್ಸಿಲ್ ಕೆಳಗಿಟ್ಟಳು. ಕಾಜಾ ಅಕ್ಕ ಆ ಕಚೇರಿಗೆ ಬರಲು ಎರಡು ಮಹಡಿಯ ಹೊರಮೆಟ್ಟಿಲು ದಡದಡ ಹತ್ತಿ ಬಂದದ್ದನ್ನು ಅವಳು ಕಿಟಕಿಯಿಂದ ನೋಡಿದ್ದಳು.

"ಅಕ್ಕ, ನಿಜ ಹೇಳಿ. ಬೆಳಕು ಬೇಕು ಅಂದಿದ್ದು ನೀವೇ."

"ಅಂದಿದ್ದೆ." ಕಾಜಾ ಅಕ್ಕ ಮೇಜಿನ ಮೇಲಿದ್ದ ದಾರದ ತುಂಡೊಂದನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಅಷ್ಟು ದೂರ ಯಾಕೆ ಇಟ್ರಿ ನನ್ನ?"

ಎಲ್ಲಿಂದ ದೂರ ಎಂದು ಮೇಡಂ ಕೇಳಲಿಲ್ಲ. ಹುಡುಗಿ ಚುರುಕು. "ಚೀಟಿ ವಿಷಯ ಹೇಳಬಾರದು. ಆದ್ರೂ ಹೇಳ್ತೀನಿ, ಯಾರು ಅಂತ ನನಗೂ ಗೊತ್ತಿಲ್ಲವಲ್ಲ. ಕೆಂಪು ಚೀಟಿ ಇಪ್ಪತ್ತೆರಡರಲ್ಲಿ ಒಂದೇ ಮಾತು ಇತ್ತು. ಕಾಜಾ ಅಕ್ಕನನ್ನೂ ಅತ್ತಿಗೆಯನ್ನೂ ಎದುರುಬದುರು ಇಡಬೇಡಿ, ಪಾಪ, ಇಬ್ಬರೂ ದಿನಾ ಮುಖ ನೋಡ್ಕೊಂಡು ನೋಯ್ತಾರೆ ಅಂತ. ಇಡೀ ಓಣಿ ನಿಮಗೋಸ್ಕರ ಬರೆದಿದೆ ಅಕ್ಕ. ತಮ್ಮ ಜಗಳಾನೂ ಬಿಟ್ಟು."

ಕಾಜಾ ಅಕ್ಕನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಎಂಥ ಜನ ಇವರು. ನೀರಿಗೆ ಕಿತ್ತಾಡುವವರು, ಕಸಕ್ಕೆ ಕಿತ್ತಾಡುವವರು, ಒಬ್ಬರ ಹೆಸರು ಕಂಡರೆ ಇನ್ನೊಬ್ಬರಿಗಾಗದವರು. ಕೆಂಪು ಚೀಟಿ ಕೈಗೆ ಬಂದಾಗ ಎಲ್ಲ ಬಿಟ್ಟು ಒಟ್ಟಾಗಿ ಅವಳ ಒಳ್ಳೆಯದನ್ನು ಬಯಸಿದ್ದಾರೆ. ಬಯಸಿ, ಅವಳಿಗೆ ಇದ್ದ ಒಂದನ್ನೂ ಕಿತ್ತುಕೊಂಡಿದ್ದಾರೆ. ಏಳು ವರ್ಷ ನೋಡಿಯೂ ಇವರಿಗೆ ಅರ್ಥವಾಗಿಲ್ಲವಲ್ಲ ಎಂದು ಮೊದಲು ಸಿಟ್ಟು ಬಂತು. ಅರ್ಥವಾಗುವ ಹಾಗೆ ತಾನಾದರೂ ಯಾವತ್ತು ನಡೆದುಕೊಂಡಿದ್ದಳು ಎಂದು ಆಮೇಲೆ ನಾಚಿಕೆಯಾಯಿತು.

"ಇಪ್ಪತ್ತೆರಡಾ?" ಎಂದಳು.

"ಇಪ್ಪತ್ತೆರಡು. ಉಳಿದೆರಡು ಖಾಲಿ ಇದ್ವು."

ಕಾಜಾ ಅಕ್ಕ ಎದ್ದು ನಿಂತಳು. ಮೆಟ್ಟಿಲು ಇಳಿಯುವಾಗ, ಬೀದಿ ದಾಟುವಾಗ, ಮನೆಯ ಬೀಗ ತೆಗೆಯುವಾಗ ಅದೊಂದೇ ಲೆಕ್ಕ. ಇಪ್ಪತ್ತನಾಲ್ಕು ಮನೆ, ಎರಡು ಖಾಲಿ. ಒಂದು ತನ್ನದು. ಇನ್ನೊಂದು ಯಾರದು? ಕೊನೆ ಮನೆಯ ಅಜ್ಜನದಿರಬಹುದು, ಅವನಿಗೆ ಕಣ್ಣು ಕಾಣುವುದಿಲ್ಲ. ಆದರೆ ಅಜ್ಜನ ಪರವಾಗಿ ಸೊಸೆ ಬರೆದದ್ದನ್ನು ತಾನೇ ನೋಡಿದ ನೆನಪು. ಅಥವಾ ಅದು ಹಸಿರು ಚೀಟಿಯೋ? ಹೊಸಿಲ ಮೇಲೆ ಕೂತು ಅವಳು ಎದುರು ಬಾಗಿಲನ್ನು ನೇರವಾಗಿ ನೋಡಿದಳು. ಅತ್ತಿಗೆ ಬಗ್ಗಿ ಕೆಂಡ ಊದುತ್ತಿದ್ದಳು. ತಲೆಯೆತ್ತಲಿಲ್ಲ. ತಲೆಗೂದಲು ಯಾವಾಗ ಇಷ್ಟು ಬೆಳ್ಳಗಾಯಿತು? ದಿನಾ ಎದುರಿಗಿದ್ದೂ ತಾನು ನೋಡಿದ್ದು ಬರೀ ಕೈ, ಪೆಟ್ಟಿಗೆ, ಬೆನ್ನು. ಮುಖ ನೋಡಿದರೆ ಕಣ್ಣು ಸೇರೀತೆಂದು ಏಳು ವರ್ಷ ಮುಖ ಬಿಟ್ಟು ಉಳಿದದ್ದನ್ನೆಲ್ಲ ನೋಡಿದ್ದಾಳೆ. ಅವತ್ತು ಅವಳಿಗೆ ಅತ್ತಿಗೆ ಬೇಕೆನಿಸಿದಷ್ಟು ಅಣ್ಣ ಹೋದ ದಿನವೂ ಬೇಕೆನಿಸಿರಲಿಲ್ಲ. ಎದ್ದು ಎಂಟಡಿ ದಾಟಿದರೆ ಮುಗಿಯಿತು. ಅವಳು ಸೂಜಿ ಎತ್ತಿಕೊಂಡು ಕಾಜಾ ಹಾಕತೊಡಗಿದಳು.

ಸುಣ್ಣ ಹಾಕುವ ದಿನ ಭಾನುವಾರ, ಬೆಳಿಗ್ಗೆ ಎಂಟಕ್ಕೆ, ಶಾಲೆಯ ಬಯಲಿನಲ್ಲಿ. ಒಂದರ ಮೇಲೊಂದು ಇರಬೇಕಾದ ಮೂರು ಅಂತಸ್ತನ್ನು ನೆಲದ ಮೇಲೆ ಪಕ್ಕಪಕ್ಕದಲ್ಲಿ ಬರೆದಿದ್ದರು. ಬಿಳಿ ಗೆರೆ ಗೋಡೆ, ಗೆರೆ ಬಿಟ್ಟ ಜಾಗ ಬಾಗಿಲು, ಅಡ್ಡ ಗೀಟು ಕಿಟಕಿ. ಜನ ಹುಚ್ಚು ಹಿಡಿದವರ ಹಾಗೆ ಸಂಭ್ರಮಪಟ್ಟರು. ಒಬ್ಬಳು ಇಲ್ಲದ ಒಲೆಯ ಮುಂದೆ ನಿಂತು ಇಲ್ಲದ ಪಾತ್ರೆ ತಿರುಗಿಸಿದಳು. ಗಂಡ ಹೆಂಡತಿ ಇಬ್ಬರು ಮಣ್ಣಿನ ಮೇಲೆ ಮಲಗಿ ಕಾಲು ಗೋಡೆಗೆ ತಾಗುತ್ತದೆಂದು ಮೇಡಂ ಹತ್ತಿರ ತಕರಾರು ತೆಗೆದರು. ಕಂಡಕ್ಟರ್ ಓಡಾಡುತ್ತ, "ಗೋಡೆ ದಾಟಬೇಡಿ, ಬಾಗಿಲಿಂದ ಹತ್ತಿ, ಬಾಗಿಲಿಂದ ಇಳೀರಿ" ಎಂದು ಕೂಗುತ್ತಿದ್ದ.

ಕಾಜಾ ಅಕ್ಕನ ಮನೆ ಬಯಲಿನ ಆ ತುದಿಯಲ್ಲಿತ್ತು. ಅವಳು ಬಾಗಿಲಿಂದಲೇ ಒಳಗೆ ಹೋಗಿ, ನಡುವೆ ನಿಂತಳು. ಹೊಲಿಗೆಯ ಚೀಲ ಕೈಯಲ್ಲೇ ಇತ್ತು. ಬಿಸಿಲು ಎರಡು ಕಿಟಕಿಯಿಂದಲೂ, ಗೋಡೆಯಿಂದಲೂ, ಎಲ್ಲೆಲ್ಲಿಂದಲೂ ಬರುತ್ತಿತ್ತು. ದೂರದಲ್ಲಿ, ಕೆಳ ಅಂತಸ್ತಿನ ಗೆರೆಗಳಲ್ಲಿ, ಅತ್ತಿಗೆ ತನ್ನ ಇಸ್ತ್ರಿ ಮೇಜನ್ನೇ ಹೊರಿಸಿಕೊಂಡು ಬಂದು ಗೆರೆಯೊಳಗೆ ಇಟ್ಟು ನೋಡುತ್ತಿದ್ದಳು. ಮೇಜಿಗೆ ಅಡ್ಡ ನಿಂತು, ಪೆಟ್ಟಿಗೆಯಿಲ್ಲದ ಕೈಯನ್ನು ಹಿಂದೆ ಮುಂದೆ ಆಡಿಸಿದಳು. ಸದ್ದಿಲ್ಲ. ಕೈ ಆಡುತ್ತಿದೆ, ಸದ್ದು ಮಾತ್ರ ಇಲ್ಲ. ಇನ್ನು ಮುಂದೆ ಹೀಗೇ ಎಂದುಕೊಂಡಳು ಕಾಜಾ ಅಕ್ಕ.

"ಎಲ್ಲರದ್ದೂ ಆಯ್ತಾ?" ಕಂಡಕ್ಟರ್ ಬಯಲ ನಡುವೆ ನಿಂತು ಕೂಗಿದ. "ಇಳಿಯೋರು ಇದ್ರೆ ಈಗಲೇ ಹೇಳಿ. ಆಮೇಲೆ ಗಾಡಿ ನಿಲ್ಲಲ್ಲ. ಮೇಡಂ ನಾಳೆ ಬೆಳಿಗ್ಗೆ ಕಚೇರಿಗೆ ನಕ್ಷೆ ಕೊಟ್ಟುಬಿಡ್ತಾರೆ."

ಮೇಡಂ ಕಾಗದ ಸುತ್ತತೊಡಗಿದಳು.

ಕಾಜಾ ಅಕ್ಕ ನಡೆದಳು. ಬಾಗಿಲಿಂದಲ್ಲ. ನೇರ ಗೋಡೆ ತುಳಿದುಕೊಂಡು, ಪಕ್ಕದವರ ಅಡುಗೆಮನೆ ದಾಟಿ, ಯಾರದೋ ಬಚ್ಚಲಿನ ನಡುವೆ ಹಾದು, ಮೂರನೇ ಅಂತಸ್ತಿನಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಬಂದಳು.

"ಗೋಡೆ, ಗೋಡೆ" ಎಂದ ಕಂಡಕ್ಟರ್.

ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಮೆಟ್ಟಿಲ ಪಕ್ಕದ ಮನೆಯ ಬಾಗಿಲಿಗೆ ಬಂದು, ಹೊಸಿಲಿರಬೇಕಾದಲ್ಲಿ ಕೂತಳು. ಎದುರಿಗೆ ಅತ್ತಿಗೆಯ ಮೇಜು. ನಡುವಿನ ದಾರಿ ಎಂಟಡಿಗಿಂತ ಸ್ವಲ್ಪ ಜಾಸ್ತಿಯೇ ಇತ್ತು. ಚೀಲದಿಂದ ಶರ್ಟು ತೆಗೆದು ತೊಡೆಯ ಮೇಲೆ ಹರಡಿ, ಸೂಜಿ ಹಿಡಿದಳು. ಎರಡು ಸಲ ಪೋಣಿಸಿದರೂ ದಾರ ಸೂಜಿಯ ಕಣ್ಣಿಗೆ ಹೋಗಲಿಲ್ಲ.

"ಇದು ನನ್ನ ಮನೆ ಅಲ್ವಾ?" ಎಂದ ಹಿಂದೆಯೇ ಬಂದ ಕಂಡಕ್ಟರ್.

"ನನ್ನದು ತಗೊಳ್ಳಿ."

"ಆ ಮೇಲಿನದಾ? ಎರಡು ಕಿಟಕಿದಾ?" ಅವನು ಒಮ್ಮೆ ಮೇಡಂ ಮುಖ, ಒಮ್ಮೆ ಕಾಜಾ ಅಕ್ಕನ ಮುಖ ನೋಡಿದ. "ಮೆಟ್ಟಿಲು ಅಂತ ಯೋಚನೆ ಮಾಡಬೇಡಿ. ಮೂವತ್ತು ವರ್ಷ ನಿಂತೇ ದುಡಿದ ಕಾಲು ಇವು." ಆಮೇಲೆ ಎದುರಿನ ಮೇಜಿನ ಕಡೆ ಕಣ್ಣು ಹೋಗಿ, ಏನೋ ತಿಳಿದವನ ಹಾಗೆ ಬಾಯಿ ಮುಚ್ಚಿದ. ಅವನೂ ಒಂದು ಕೆಂಪು ಚೀಟಿ ಬರೆದವನೇ.

ಬಯಲಲ್ಲಿ ಚದುರಿದ್ದವರೆಲ್ಲ ನಿಧಾನವಾಗಿ ಇತ್ತ ತಿರುಗಿದ್ದರು. ಮೇಡಂ ಬಂದು ಕಾಜಾ ಅಕ್ಕನ ಪಕ್ಕ ಕುಕ್ಕುರುಗಾಲಲ್ಲಿ ಕೂತಳು.

"ಅಕ್ಕ, ನಾನು ಬದಲಾಯಿಸ್ತೀನಿ. ಆದ್ರೆ ಇಲ್ಲಿ ಬೆಳಕು ಬರಲ್ಲ. ಮೇಲೆ ಮೆಟ್ಟಿಲು, ಪಕ್ಕ ಗೋಡೆ. ಮಧ್ಯಾಹ್ನ ಮೂರಕ್ಕೇ ಕತ್ತಲು. ನಿಮ್ಮ ಕೆಲಸ ಹೇಗೆ ನಡೆಯುತ್ತೆ?"

ಕಾಜಾ ಅಕ್ಕ ತಲೆಯೆತ್ತಿ, ಮೆಟ್ಟಿಲಿರಬೇಕಾದ ಕಡೆ ನೋಡಿದಳು. ಬೆಳಕಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಅವಳಿಲ್ಲ. ಅದನ್ನು ಅವಳು ಯೋಚಿಸಿಯೇ ಇರಲಿಲ್ಲ.

"ಮೇಡಂ" ಎಂದಳು ಅತ್ತಿಗೆ.

ಅತ್ತಿಗೆ ಮೇಜಿಗೆ ಕೈಯೂರಿ ನಿಂತಿದ್ದಳು. ನೋಟ ಮೇಡಂ ಮೇಲೆ. "ನಾನು ನಿಮ್ಮ ಹತ್ತಿರ ಕೇಳಿದ್ದು ಒಂದೇ. ಬಲ್ಬು ಬಾಗಿಲ ಹೊರಗೆ ಹಾಕಿ ಅಂದಿದ್ದೆ. ನಕ್ಷೇಲಿ ನೋಡಿದೆ, ಒಳಗೆ ಮೇಜಿನ ಮೇಲೆ ಹಾಕಿದ್ದೀರಿ."

"ಒಳಗಿದ್ರೆ ನಿಮಗೇ ಅನುಕೂಲ ಅಂತ ಹಾಕಿದೆ. ಹೊರಗಿದ್ರೆ ನಿಮ್ಮ ನೆರಳು ನಿಮಗೇ ಅಡ್ಡ ಬರುತ್ತೆ. ಕೈ ಸುಟ್ಟುಕೊಳ್ತೀರಿ."

"ಸುಟ್ಟುಕೊಂಡು ಅಭ್ಯಾಸ ಇದೆ. ನನಗೆ ಕತ್ತಲಲ್ಲೂ ಇಸ್ತ್ರಿ ಹಾಕೋಕೆ ಬರುತ್ತೆ. ಕಾಜಾ ಕತ್ತಲಲ್ಲಿ ಹಾಕೋಕೆ ಆಗಲ್ಲ." ಅತ್ತಿಗೆ ಮೇಜಿನ ಮೇಲಿಲ್ಲದ ಸುಕ್ಕೊಂದನ್ನು ಅಂಗೈಯಿಂದ ಒತ್ತಿ ಬಿಡಿಸಿದಳು. "ಹೊರಗೇ ಹಾಕಿ. ಬೇಕಾದ್ರೆ ಹಗಲೂ ಉರಿಸ್ತೀನಿ."

ಕಾಜಾ ಅಕ್ಕನ ಕೈಯಿಂದ ಸೂಜಿ ಜಾರಿತು. ಐದು ವರ್ಷದ ಹಿಂದಿನ ಒಂದು ಚಳಿಗಾಲ ಅವಳ ಕಣ್ಣೆದುರು ಬಂತು. ಕಣ್ಣು ಮಂಜಾಗತೊಡಗಿದ ಹೊಸತು. ಸಂಜೆ ಮಬ್ಬಿನಲ್ಲಿ ಸೂಜಿ ಬೆರಳಿಗೆ ಚುಚ್ಚಿ ಗಿರಾಕಿಯ ಶರ್ಟಿಗೆ ರಕ್ತ ಹತ್ತಿ, ಅಂಗಡಿಯವನು ಬಂದು ಓಣಿಯಲ್ಲಿ ನಿಂತು ಬಾಯಿಗೆ ಬಂದಂತೆ ಬೈದು ಹೋಗಿದ್ದ. ಅವತ್ತಿಗೆ ಮುಂಚೆ ಆ ಬಲ್ಬು ಎಲ್ಲಿತ್ತು? ಒಳಗಿತ್ತು, ಮೇಜಿನ ಮೇಲೆ, ಅಣ್ಣನೇ ಹಾಕಿದ್ದ ಜಾಗದಲ್ಲಿ. ಅದಾದ ಎರಡನೆಯ ಸಂಜೆ ಬಾಗಿಲ ಹೊರಗೆ ತಂತಿಯಲ್ಲಿ ನೇತಾಡುತ್ತಿತ್ತು. ಅವಳು ಅದನ್ನು ನೋಡಿದ್ದಳು. ನೋಡಿ ಪೆದ್ದುತನ ಎಂದುಕೊಂಡಿದ್ದಳು. ಐದು ವರ್ಷ ಆ ಬೆಳಕಿನಲ್ಲಿ ದುಡಿದು ಉಂಡು, ಅದನ್ನು ಹಿಡಿದು ನಿಂತವಳನ್ನು ಹಟಮಾರಿ ಎಂದಿದ್ದಳು. ಮನುಷ್ಯರನ್ನು ಇಟ್ಟುಕೊಳ್ಳುವುದು ಗೊತ್ತಿಲ್ಲ ಎಂದು ತಾನು ಯಾರಿಗೆ ಹೇಳಿದ್ದಳೋ ಅವಳನ್ನು.



"ಇನ್ನೊಂದು ಮಾತು ಮೇಡಂ" ಎಂದಳು ಅತ್ತಿಗೆ, ಈಗಲೂ ಇತ್ತ ನೋಡದೆ. "ಅವಳಿಗೆ ಹೇಳಿ, ಸುಣ್ಣದ ಮೇಲೆ ಕೂತಿದ್ದಾಳೆ. ಶರ್ಟಿಗೆಲ್ಲ ಹತ್ತುತ್ತೆ. ಆಮೇಲೆ ಆ ಅಂಗಡಿಯವನು ಮತ್ತೆ ಬಂದು ಬೈತಾನೆ."

ಮೇಡಂ ಹೇಳಲು ಬಾಯಿ ತೆರೆದಳು. ಕಾಜಾ ಅಕ್ಕ ಅವಳ ಮೊಣಕೈ ಮುಟ್ಟಿ ತಡೆದಳು. ಎದ್ದು ನಿಂತಳು, ಬಟ್ಟೆಗೆ ಹತ್ತಿದ ಸುಣ್ಣ ಕೊಡವಿಕೊಂಡಳು. ಆ ಮಾತು ಬಾಯಲ್ಲಿ ಹೇಗಿರುತ್ತದೆಂಬುದೇ ಮರೆತುಹೋದ ಹಾಗೆ ಒಂದು ಸಲ ತುಟಿ ಆಡಿಸಿದಳು, ಸದ್ದು ಬರಲಿಲ್ಲ. ಎರಡನೆಯ ಸಲಕ್ಕೆ ಬಂತು.

"ಅತ್ತಿಗೆ."

ಮೇಜಿನ ಮೇಲೆ ಆಡುತ್ತಿದ್ದ ಅಂಗೈ ನಿಂತಿತು.

"ಬಲ್ಬು ಸ್ವಲ್ಪ ಬಲಕ್ಕೆ ಹಾಕಿಸಿ ಅತ್ತಿಗೆ. ಈಗಿರೋ ಜಾಗದಲ್ಲಿ ನಿಮ್ಮ ಕೈಗೆ ನೆರಳು ಬೀಳುತ್ತೆ. ಬಲಕ್ಕೆ ಹಾಕಿದ್ರೆ ಇಬ್ಬರಿಗೂ ಆಗುತ್ತೆ."

ಅತ್ತಿಗೆ ಮೇಜು ಬಿಟ್ಟು, ಗೆರೆ ಬಿಟ್ಟ ಜಾಗದಿಂದ ಸರಿಯಾಗಿ ಬಾಗಿಲಿಂದಲೇ ಹೊರಗೆ ಬಂದಳು. ಇಲ್ಲದ ಗೋಡೆಯ ಪಕ್ಕ ನಿಂತು, ಬಲಗೈಯನ್ನು ತಲೆಗಿಂತ ಮೇಲಕ್ಕೆತ್ತಿ, ಮುಷ್ಟಿ ಕಟ್ಟಿ ಹಿಡಿದಳು. ಮಣಿಕಟ್ಟಿನ ಮೇಲೆ ಹಳೆಯ ಸುಟ್ಟ ಗಾಯದ ಎರಡು ಕಲೆಗಳು ಬಿಸಿಲಿಗೆ ಕಂಡವು. ಒಂದು ಹೆಜ್ಜೆ ಬಲಕ್ಕೆ ಸರಿದಳು, ಇನ್ನೊಂದು ಹೆಜ್ಜೆ ಸರಿದಳು. ಆಮೇಲೆ ಏಳು ವರ್ಷದಲ್ಲಿ ಮೊದಲ ಸಲ ನಾದಿನಿಯ ಮುಖ ನೋಡಿದಳು.

"ಇಲ್ಲಿಗಾ?" ಎಂದಳು.